ಅರಾಪಾ ಘಾಟಿಯಲ್ಲಿ ಎತ್ತಿಕೊಂಡ ಕಲ್ಲು

ಬೆಟ್ಟ ಸುತ್ತಲು ಬಂದವರು ಫೋಟೋ ತೆಗೆಯಲಿ, ಹಿಮ ತಿನ್ನಲಿ, ಬೇಕಾದರೆ ನನ್ನ ಕುದುರೆಯ ಬಾಲಕ್ಕೆ ರಿಬ್ಬನ್ ಕಟ್ಟಲಿ, ನಾನು ಬಾಯಿ ಬಿಡುವವನಲ್ಲ. ಆದರೆ ಘಾಟಿಯ ನೆತ್ತಿಯ ಮೇಲಿನ ಗುಪ್ಪೆಯಿಂದ ಕಲ್ಲು ಎತ್ತಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದೇನು ಅಂಗಡಿಯೇ?

ನಮ್ಮ ಹಿಮಬೆಟ್ಟ ಔಸಂಗಾತೆಯನ್ನು ಸುತ್ತುವ ದಾರಿಯಲ್ಲಿ ಒಂದೊಂದು ಘಾಟಿಗೂ ಒಂದೊಂದು ಕಲ್ಲುಗುಪ್ಪೆ ಇದೆ. ಕೆಳಗಿನ ಹೊಳೆಯಿಂದ ಒಂದು ಕಲ್ಲು ಎತ್ತಿಕೊಳ್ಳಬೇಕು, ಹತ್ತುವಾಗ ನಮ್ಮ ದಣಿವನ್ನೆಲ್ಲ ಅದಕ್ಕೆ ಹೇಳಿಕೊಳ್ಳಬೇಕು, ಮೇಲೆ ಇಟ್ಟು, ತಿರುಗಿ ನೋಡದೆ ಇಳಿದುಬಿಡಬೇಕು. ದಣಿವೊಂದೇ ಅಲ್ಲ. ಮಂಡಿನೋವು, ತಂಗಿಯ ಗಂಡನ ಮೇಲಿನ ಸಿಟ್ಟು, ಕೆಟ್ಟ ಕನಸು, ಯಾರ್ಯಾರದೋ ಏನೇನೋ ಅಲ್ಲಿ ಕೂತಿವೆ. ಅಂಥ ಗುಪ್ಪೆಗೆ ಕೈ ಹಾಕಿದವನು ಏನನ್ನು ಮನೆಗೆ ಒಯ್ದ ಹಾಗಾಯಿತು, ನೀವೇ ಯೋಚಿಸಿ.

ಅರಾಪಾ ಘಾಟಿಯ ಗುಪ್ಪೆಯಲ್ಲಿ ನನ್ನದೂ ಒಂದು ಕಲ್ಲಿತ್ತು. ಅದರಲ್ಲಿ ನಾನು ಇಟ್ಟದ್ದು ಕುಡಿತದ ಆಸೆ.

ಯಾಕೆ ಮುಚ್ಚಿಡಲಿ, ನಾನು ಎವಾರಿಸ್ತೊ, ಕುದುರೆ ಹೊಡೆಯುವವನು, ಒಂದು ಕಾಲಕ್ಕೆ ಚೆನ್ನಾಗಿಯೇ ಕುಡಿಯುತ್ತಿದ್ದೆ. ಒಂದು ಸಲ ಕಬ್ಬಿನ ಸಾರಾಯಿ ಏರಿಸಿ ನಾನು ಬಿಸಿಲಲ್ಲಿ ಮಲಗಿದ್ದಾಗ ಕುದುರೆಗಳೆಲ್ಲ ಮನೆ ದಾರಿ ಹಿಡಿದವು. ಅತಿಥಿಗಳು ತಮ್ಮ ಚೀಲಗಳನ್ನು ತಾವೇ ಹೊತ್ತುಕೊಂಡು ಬೆಟ್ಟ ಇಳಿದರು. ಕುದುರೆಯವರ ಸರದಿ ಪಟ್ಟಿಯಿಂದ ನನ್ನನ್ನು ಒಂದು ವರ್ಷ ಕಿತ್ತುಹಾಕಿದರು. ನನ್ನ ಹೆಂಡತಿ ತೊರಿಬಿಯಾ ಕೂಗಾಡಲಿಲ್ಲ, ಅತ್ತು ಕರೆಯಲೂ ಇಲ್ಲ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಹೇಳಿದಳು: "ಇನ್ನೊಂದು ಸಲ ಕುಡಿದ್ಯೋ, ನನ್ನ ಆಲ್ಪಾಕಗಳನ್ನ ಹೊಡ್ಕೊಂಡು ಅಣ್ಣನ ಊರಿಗೆ ಹೊರಟೋಗ್ತೀನಿ. ಆಮೇಲೆ ಬಂದು ಬಾಗಿಲು ತಟ್ಟಬೇಡ."

ಉಣ್ಣೆಯ ಆ ಮಂದೆ ಅವಳದೇ, ಅವಳು ಹೇಳಿದ್ದನ್ನು ಮಾಡುವವಳು. ಮಾರನೆಯ ದಿನವೇ ಇಬ್ಬರೂ ಉಪೀಸ್ ಹೊಳೆಯಿಂದ ಅರಾಪಾ ಹತ್ತಿದೆವು. ನನ್ನದು ಕಪ್ಪು ಕಲ್ಲು, ನಡುವೆ ಒಂದು ಬಿಳಿ ಗೆರೆ. ಅವಳ ಕಣ್ಣೆದುರಿಗೇ ಗುಪ್ಪೆಯ ಪೂರ್ವದ ಮಗ್ಗುಲಲ್ಲಿ ಇಟ್ಟೆ, ತಿರುಗಿ ನೋಡದೆ ಇಳಿದೆ. ಅವಳು ಸ್ವಲ್ಪ ಹೊತ್ತು ಬಿಟ್ಟು ಇಳಿದು ಬಂದಳು. ಆಮೇಲೆ ನಾಲ್ಕು ವರ್ಷ ಒಂದು ಹನಿ ಮುಟ್ಟಲಿಲ್ಲ. ಊರಿನವರಿಗೆಲ್ಲ ನಾನೇ ಬುದ್ಧಿ ಹೇಳುತ್ತಿದ್ದೆ. ಕುಡಿದವನನ್ನು ಕಂಡರೆ, "ಒಂದು ಕಲ್ಲಿಡೋಕೆ ಏನಪ್ಪಾ ಕಷ್ಟ ನಿಂಗೆ?" ಎನ್ನುತ್ತಿದ್ದೆ. ಆಗ ನನ್ನನ್ನು ಕಂಡರೆ ಜನ ದಾರಿ ಬದಲಿಸುತ್ತಿದ್ದರು.

ಐದನೆಯ ವರ್ಷ ಜೂನ್ ತಿಂಗಳಲ್ಲಿ ಹಾಲೆಂಡಿನ ಗಂಡ ಹೆಂಡತಿ ಬಂದರು, ಮಾರ್ಟೆನ್ ಮತ್ತು ಲೀಸ್ಬೆತ್. ಐದು ದಿನದ ಸುತ್ತು. ನಾನು ಕುದುರೆಗೆ, ತೊರಿಬಿಯಾ ಅಡುಗೆಗೆ. ದಾರಿ ತೋರಿಸಲು ಕುಸ್ಕೋ ಪಟ್ಟಣದ ಗೈಡು ರೆಯ್ನಾಲ್ದೊ, ನಲವತ್ತು ದಾಟಿದ ಗಂಡಸು. ದಾರಿ ಕುದುರೆಗಳಿಗೇ ಗೊತ್ತಿತ್ತು, ಆದರೆ ಅವಕ್ಕೆ ಇಂಗ್ಲಿಷು ಬರುವುದಿಲ್ಲವಲ್ಲ, ಅದಕ್ಕೆ ಅವನು. ಅತಿಥಿಗಳೋ, ಹೊಸದಾಗಿ ಮದುವೆಯಾದವರ ಹಾಗೆ ಕೈ ಕೈ ಹಿಡಿದುಕೊಂಡು ನಡೆಯುತ್ತಿದ್ದರು. ಇಬ್ಬರಿಗೂ ಐವತ್ತಾಗಿತ್ತು.

ಎರಡನೆಯ ದಿನ ಅರಾಪಾ ಮೇಲೆ ಗಾಳಿಯೆಂದರೆ ಗಾಳಿ. ನಾನು ಕುದುರೆಗಳೊಂದಿಗೆ ಐವತ್ತು ಹೆಜ್ಜೆ ಮುಂದಿದ್ದೆ. ಏನೋ ಅನ್ನಿಸಿ ತಿರುಗಿದೆ. ಮಾರ್ಟೆನ್ ಗುಪ್ಪೆಯ ಪೂರ್ವದ ಮಗ್ಗುಲಲ್ಲಿ ಬಗ್ಗಿ, ಒಂದು ಕಪ್ಪು ಕಲ್ಲೆತ್ತಿ, ಬಿಸಿಲಿಗೆ ಹಿಡಿದು ನೋಡಿ, ಹೆಗಲ ಚೀಲಕ್ಕೆ ಹಾಕಿಕೊಂಡ. ಬಿಳಿ ಗೆರೆ ಮಿಂಚಿದ್ದು ನನಗೆ ಅಷ್ಟು ದೂರಕ್ಕೂ ಕಾಣಿಸಿತು.

ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳುವುದು ಯಾರ ಬಾಯಲ್ಲಿ? ರೆಯ್ನಾಲ್ದೊ ಬಾಯಲ್ಲಿ. ಅವನಿಗೆ ಹೇಳಿದರೆ ಸಂಜೆಯೊಳಗೆ ಕುಸ್ಕೋದ ಅಷ್ಟೂ ಗೈಡುಗಳಿಗೆ ಎವಾರಿಸ್ತೊ ಕುಡುಕ ಎಂದು ಗೊತ್ತಾಗುತ್ತಿತ್ತು. ಅದಾದರೂ ಹಾಳಾಗಲಿ. ತೊರಿಬಿಯಾಳಿಗೆ ಗೊತ್ತಾಗಬಾರದು, ನನಗೆ ಬೇಕಿದ್ದದ್ದು ಅಷ್ಟೇ. ಕಲ್ಲು ಹೋಯಿತೆಂದರೆ ಆಣೆಯೂ ಹೋಯಿತು ಎಂದುಕೊಂಡಾಳು.

ಆ ಸಂಜೆಯೇ ನನಗೆ ಶುರುವಾಯಿತು. ನಾಲ್ಕು ವರ್ಷ ಇಲ್ಲದ ಬಾಯಾರಿಕೆ. ನೀರು ಕುಡಿದೆ, ಕೋಕಾ ಎಲೆ ಜಗಿದೆ, ಸೂಪು ಕುಡಿದೆ. ನಾಲಿಗೆ ಸಾರಾಯಿಯನ್ನೇ ಕೇಳುತ್ತಿತ್ತು. ಎಂಥಾ ಕೇಡಿ ಮನುಷ್ಯ ಇವನು, ನನ್ನ ಕಟ್ಟು ಬಿಚ್ಚಿಬಿಟ್ಟನಲ್ಲ ಎಂದು ಮಾರ್ಟೆನನನ್ನು ಮನಸ್ಸಿನಲ್ಲೇ ಬೈದೆ. ಒಂದು ಸಮಾಧಾನವಿತ್ತು: ನನ್ನ ಆಸೆ ಈಗ ಅವನ ಚೀಲದಲ್ಲಿದೆ, ಅವನೂ ಕುಡಿದು ಬೀಳುತ್ತಾನೆ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಪುಣ್ಯಾತ್ಮ ಬಿಸಿನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಬದಲಿಗೆ ಹೆಂಡತಿಯ ಮೇಲೆ ಹರಿಹಾಯತೊಡಗಿದ. ಅವಳು ಮೆಲ್ಲಗೆ ನಡೆದರೆ ಸಿಡುಕು, ಬೇಗ ನಡೆದರೆ ಸಿಡುಕು. ಮೂರನೆಯ ದಿನ ಬೆಳಿಗ್ಗೆ ಪಾಲೊಮಾನಿ ಘಾಟಿ ಹತ್ತುವಾಗ ಅವಳನ್ನು ಹಿಂದೆ ಬಿಟ್ಟು ಒಬ್ಬನೇ ಮುಂದೆ ಹೋದ. ಅವಳನ್ನು ಕೊನೆಗೆ ಜೀನು ಹಾಕಿದ್ದ ಖಾಲಿ ಕುದುರೆಯ ಮೇಲೆ ನಾನೇ ಕೂರಿಸಿ ಕರೆತಂದೆ. ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಇವನಿಗೇನಾಗಿದೆ?" ಎಂದು ರೆಯ್ನಾಲ್ದೊನನ್ನು ಕೇಳಿದೆ.

"ಎತ್ತರ, ದೊನ್ ಎವಾರಿಸ್ತೊ, ಎತ್ತರ. ಗಾಳಿ ಕಮ್ಮಿ. ತಲೆಗೆ ಏರುತ್ತೆ."

"ನಾನು ಹುಟ್ಟಿದ್ದೇ ಇಲ್ಲಿ. ಎತ್ತರಕ್ಕೆ ತಲೆ ನೋಯುತ್ತೆ ಕಣಯ್ಯಾ, ಹೆಂಡ್ತಿ ನೋಯಲ್ಲ."

"ನಿಮಗೆ ಇಂಗ್ಲಿಷ್ ಬರಲ್ಲ, ಸುಮ್ನಿರಿ. ನಾಳೆ ಹೆಂಡ್ತೀನ ಬಿಟ್ಟು ಅವರು ಬೇರೆ ದಾರಿ ಹಿಡಿದು ಒಬ್ಬರೇ ಇಳೀತಾರಂತೆ. ನಾನು ಇಬ್ಬರನ್ನ ಹೇಗೆ ಸಂಭಾಳಿಸ್ಲಿ, ಅದು ಹೇಳಿ."

ಪಾಲೊಮಾನಿ ನೆತ್ತಿಯಲ್ಲಿ ಬೆಟ್ಟದೊಡೆಯನಿಗೆ ಸಾರಾಯಿ ಚಿಮುಕಿಸುವ ಪದ್ಧತಿಯಿದೆ. ಎರಡು ಮೂರು ಹನಿ ಗಾಳಿಗೆ, ಮಿಕ್ಕದ್ದು ಸುತ್ತಲಿದ್ದವರಿಗೆ ಒಂದೊಂದು ಗುಟುಕು. ಹಿರಿಯರು ಮಾಡಬೇಕು ಎಂದು ರೆಯ್ನಾಲ್ದೊ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗೇ ಕೊಟ್ಟ. ಆ ವಾಸನೆ ಮೂಗಿಗೆ ಬಡಿಯಿತು ನೋಡಿ! ಬಾಟಲಿ ತಾನಾಗಿಯೇ ಬಾಯಿಯತ್ತ ಏರುತ್ತಿತ್ತು. ಅಡುಗೆಯ ಬುಟ್ಟಿ ಬೆನ್ನಿಗೆ ಕಟ್ಟಿಕೊಂಡ ತೊರಿಬಿಯಾ ಎದುರಿಗೇ ನಿಂತು ನೋಡುತ್ತಿದ್ದಳು. ಅಯ್ಯೋ ಸತ್ತೆ ಎಂದು ಬಾಟಲಿಯನ್ನು ಬುಡಮೇಲು ಮಾಡಿ ಅಷ್ಟನ್ನೂ ನೆಲಕ್ಕೆ ಸುರಿದುಬಿಟ್ಟೆ.

ರೆಯ್ನಾಲ್ದೊನ ಮುಖ ನೋಡಬೇಕಿತ್ತು. ಸಾವರಿಸಿಕೊಂಡು ಅತಿಥಿಗಳಿಗೆ ಏನೋ ಉದ್ದಕ್ಕೆ ಹೇಳಿದ. ಇಡೀ ಬಾಟಲಿ ಅರ್ಪಿಸುವುದು ಭಕ್ತಿಯ ತುದಿ, ಬಹಳ ಹಳೆಯ ಸಂಪ್ರದಾಯ, ನೂರರಲ್ಲಿ ಒಬ್ಬ ಮಾಡುತ್ತಾನೆ ಎಂದನಂತೆ. ಲೀಸ್ಬೆತ್ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣೀರು ಹಾಕಿದಳು. ಭಕ್ತನಾದ ನಾನು ಒದ್ದೆ ನೆಲವನ್ನು ನೋಡುತ್ತಾ ನಿಂತಿದ್ದೆ. ನೆಕ್ಕಲೇ ಎಂದು ಕೂಡ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ.

ಇನ್ನೊಂದು ದಿನ ತಡೆಯುವುದು ನನ್ನಿಂದಾಗದು ಎಂದು ಅಲ್ಲೇ ಗೊತ್ತಾಯಿತು. ಸುತ್ತು ಮುಗಿಯುವ ಪಾಚಂತಾ ಊರಿನ ಬಿಸಿನೀರಿನ ಕೊಳದ ಪಕ್ಕದಲ್ಲೇ ಅಂಗಡಿ. ಅಂಗಡಿಯಲ್ಲಿ ಸಾರಾಯಿ. ಅಷ್ಟರೊಳಗೆ ನನ್ನ ಕಲ್ಲು ನನಗೆ ಸಿಗಬೇಕು.

ನಾಲ್ಕನೆಯ ದಿನ ಬೆಳಿಗ್ಗೆ ಅತಿಥಿಗಳು ಊಟದ ಡೇರೆಯಲ್ಲಿ ಬೇರೆ ಬೇರೆ ಮೂಲೆ ಹಿಡಿದು ಗಂಜಿ ತಿನ್ನುತ್ತಿದ್ದರು. ಮಾರ್ಟೆನನ ಹೆಗಲ ಚೀಲ ಹೊರಗೆ ಬಿದ್ದಿತ್ತು. ಹಗ್ಗ ಹುಡುಕುವವನ ಹಾಗೆ ಸುತ್ತಿ ಬಂದು ಮಂಡಿಯೂರಿ ಕೈ ಹಾಕಿದೆ. ಕಾಲುಚೀಲ, ಮಾತ್ರೆ, ಬ್ಯಾಟರಿ, ಕಲ್ಲು. ಕಲ್ಲನ್ನು ಹೊರಗೆ ತೆಗೆದಿದ್ದೆನೋ ಇಲ್ಲವೋ, ತಲೆಯ ಮೇಲೆ ನೆರಳು ಬಿತ್ತು.

"ಏನ್ ಮಾಡ್ತಾ ಇದೀರಾ ದೊನ್ ಎವಾರಿಸ್ತೊ?" ರೆಯ್ನಾಲ್ದೊ.

"ಭಾರ... ಚೀಲ ಭಾರ ಆಗಿತ್ತು. ಕುದುರೆಗೆ ಪಾಪ..."

"ಈ ಚೀಲ ಯಾವ ಕುದುರೆ ಹೊರುತ್ತೆ? ಅವರೇ ತಾನೇ ಹೊರೋದು! ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ದೊನ್ ಅಂತಿದ್ದೆ ನಾನು. ಅತಿಥಿಗಳ ಚೀಲಕ್ಕೆ ಕೈ ಹಾಕಿದೋರು ಮತ್ತೆ ಈ ಬೆಟ್ಟ ಹತ್ತೋ ಹಾಗಿಲ್ಲ, ಗೊತ್ತಲ್ವಾ?"

ಗಲಾಟೆ ಕೇಳಿ ಅತಿಥಿಗಳಿಬ್ಬರೂ ಹೊರಗೆ ಬಂದರು. ತೊರಿಬಿಯಾ ಕೈಯಲ್ಲಿ ಸೌಟು ಹಿಡಿದೇ ಬಂದಳು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಕಳ್ಳ ಎನ್ನಿಸಿಕೊಂಡರೆ ಸರದಿ ಹೋಯಿತು, ನಿಜ ಹೇಳಿದರೆ ಹೆಂಡತಿ ಹೋದಳು.

ತೊರಿಬಿಯಾ ನನ್ನ ಅಂಗೈ ಬಿಡಿಸಿ ಕಲ್ಲನ್ನು ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಸೌಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೇಳಿದಳು: "ಈ ಕಲ್ಲು ನಂದು."

"ದೋನ್ಯಾ ತೊರಿಬಿಯಾ, ಗಂಡನ್ನ ಉಳಿಸ್ಕೊಳ್ಳೋಕೆ ಹೀಗೆಲ್ಲ..."

"ನಂದು ಅಂದ್ನಲ್ಲ. ಅರಾಪಾ ಮೇಲೆ ನಾನಿಟ್ಟದ್ದು. ಆ ಸ್ವಾಮಿಗೆ ಹೇಳು, ಹೊಳೇಲಿ ಬೇಕಾದಷ್ಟು ಕಲ್ಲಿದೆ, ಯಾರೂ ಬೇಡ ಅನ್ನಲ್ಲ. ಇಟ್ಟ ಕಲ್ಲು ಮುಟ್ಟಬಾರದು ಅಂತ ಮೊದಲ ದಿನವೇ ನೀನು ಹೇಳಬೇಕಿತ್ತಲ್ಲಪ್ಪ. ಅದನ್ನ ಬಿಟ್ಟು ಬಾಕಿ ಎಲ್ಲಾ ಹೇಳ್ತೀಯ."

ರೆಯ್ನಾಲ್ದೊ ಕಿವಿಯವರೆಗೂ ಕೆಂಪಾದ. ಮಾತು ತರ್ಜುಮೆಯಾಯಿತು. ಮಾರ್ಟೆನ್ ಅವನಿಗಿಂತ ಕೆಂಪಾಗಿ, ಎದೆಯ ಮೇಲೆ ಕೈಯಿಟ್ಟು ಹತ್ತು ಸಲ ಕ್ಷಮೆ ಕೇಳಿದ. ಆಮೇಲೆ ಏನಾಯಿತು ಗೊತ್ತೇ? ನಾನು ಕುದುರೆಗೆ ಹೊರೆ ಬಿಗಿದು ಮುಗಿಸುವಷ್ಟರಲ್ಲಿ ಆ ಗಂಡ ಹೆಂಡತಿ ಒಂದೇ ಬಂಡೆಯ ಮೇಲೆ ಕೂತು ಒಂದೇ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ಅವನು ಅವಳ ಬೂಟಿನ ದಾರ ಕಟ್ಟುತ್ತಿದ್ದ. "ನೋಡಿದ್ರಾ, ನಿನ್ನೆ ಇಳಿದ್ವಲ್ಲ, ಗಾಳಿ ಸರಿಹೋಯ್ತು" ಎಂದ ರೆಯ್ನಾಲ್ದೊ. ಎತ್ತರವನ್ನು ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಇರಲಿಲ್ಲ.

ಹಂಪಾ ಘಾಟಿ ಹತ್ತುವಾಗ ಕುದುರೆಗಳನ್ನು ಮುಂದೆ ಬಿಟ್ಟು ತೊರಿಬಿಯಾಳ ಪಕ್ಕ ನಡೆದೆ. ಕೃತಜ್ಞತೆಯಿಂದ ಕಣ್ಣು ತುಂಬಿತ್ತು.

"ನನ್ನ ಮಾನ ಉಳಿಸ್ದೆ ಕಣೇ. ಅಷ್ಟು ಸಲೀಸಾಗಿ ಸುಳ್ಳು ಹೇಳ್ತೀಯ ಅಂತ ಗೊತ್ತಿರ್ಲಿಲ್ಲ."

"ಸುಳ್ಳು ಯಾರು ಹೇಳಿದ್ರು?"

ಕಲ್ಲನ್ನು ತೋರಿಸಿದಳು. ಎರಡು ಬಿಳಿ ಗೆರೆ. ನನ್ನದಕ್ಕೆ ಒಂದೇ ಗೆರೆಯಿತ್ತು.

"ನಿಂದು ಅಲ್ಲೇ ಇದೆ. ಮೊನ್ನೆ ಬರ್ತಾ ನೋಡ್ದೆ. ನೀನು ತಿರುಗಿ ನೋಡದೆ ಇಳಿದ್ಯಲ್ಲ ಅವತ್ತು, ನಾನೂ ಒಂದಿಟ್ಟೆ, ನಿಂದರ ಪಕ್ಕದಲ್ಲೇ."

ನನಗೆ ಎಷ್ಟು ಖುಷಿಯಾಯಿತೆಂದರೆ ಟೋಪಿ ತೆಗೆದು ಗಾಳಿಗೆ ಬೀಸಿದೆ. ನನ್ನ ಕಲ್ಲು ಇದ್ದಲ್ಲೇ ಇದೆ! ನಾಲ್ಕು ಹೆಜ್ಜೆ ನಡೆದ ಮೇಲೆ ಖುಷಿ ಇಳಿಯಿತು. ಕಲ್ಲು ಇದ್ದಲ್ಲೇ ಇದ್ದರೆ ಎರಡು ದಿನದಿಂದ ನನ್ನ ಗಂಟಲು ಸುಟ್ಟ ಬಾಯಾರಿಕೆ ಯಾರದು? ಬೆಟ್ಟಕ್ಕೆ ಒಪ್ಪಿಸಿ ಬಂದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದು ನನ್ನೊಳಗೇ ಕೂತಿತ್ತು. ಆಗ ಇನ್ನೊಂದು ನೆನಪಾಯಿತು. ಮಾರ್ಟೆನನಿಗೆ ಕುಡಿಯಬೇಕು ಅನ್ನಿಸಿರಲೇ ಇಲ್ಲ. ಹೆಂಡತಿಯನ್ನು ಬಿಟ್ಟು ಹೋಗಬೇಕು ಅನ್ನಿಸಿತ್ತು.

"ನೀನು ಏನಿಟ್ಟಿದ್ದೆ ಅದರಲ್ಲಿ?" ಕೇಳಬಾರದಿತ್ತು, ಕೇಳಿದೆ.

ಅವಳು ಏದುಸಿರು ಬಿಡದೆ ಹತ್ತುತ್ತಿದ್ದಳು. ಅವಳಿಗೆ ಯಾವತ್ತೂ ಏದುಸಿರು ಬರುವುದಿಲ್ಲ.

"ನಿನ್ನ ಬಿಟ್ಟು ಹೋಗೋದು. ಅಣ್ಣಂಗೆ ಅದಾಗಲೇ ಹೇಳಿ ಕಳಿಸಿದ್ದೆ, ಒಂದು ಕೊಠಡಿ ಖಾಲಿ ಮಾಡಿಸಿದ್ದ. ನಿನ್ನ ಜೊತೆ ಅರಾಪಾ ಹತ್ತಿದ್ದೇ ಅವನೂರಿಗೆ ಇಳಿಯೋಣ ಅಂತ. ಅಲ್ಲಿಂದ ಆ ದಾರಿ ಹತ್ರ ತಾನೇ? ಆದ್ರೆ ನೀನು ಕಲ್ಲಿಟ್ಟು ಕುರಿಮರಿ ಹಾಗೆ ತಲೆ ತಗ್ಗಿಸ್ಕೊಂಡು ಇಳಿಯೋದು ನೋಡಿ ಪಾಪ ಅನ್ನಿಸ್ತು. ಇಟ್ಟುಬಿಟ್ಟೆ."

ಅವತ್ತು ನಾನು ಇಳಿಜಾರಿನಲ್ಲಿ ಸಿಳ್ಳೆ ಹಾಕುತ್ತಾ ಅವಳಿಗೆ ಕಾದಿದ್ದೆ.

ಹಂಪಾ ನೆತ್ತಿ ಬಂತು. ದೊಡ್ಡ ಗುಪ್ಪೆ, ಒಳ್ಳೆಯ ಜಾಗ, ಎದುರಿಗೇ ಹಿಮ. ಅತಿಥಿಗಳು ದೂರದಲ್ಲಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೇ ಬಗ್ಗಿ, ಗುಪ್ಪೆಯ ಬುಡದಲ್ಲಿ ಒಂದು ಸಂದು ಬಿಡಿಸಿ, ಮಂಜು ಒರೆಸಿ, ಜಾಗ ಮಾಡಿಕೊಟ್ಟೆ.

"ಇಲ್ಲಿಡು ತೊರಿಬಿಯಾ. ಇಲ್ಲಿ ಯಾರೂ ಮುಟ್ಟಲ್ಲ."

ಅವಳು ಆ ಸಂದನ್ನು ನೋಡಿದಳು. ನನ್ನನ್ನು ನೋಡಿದಳು. ಕಲ್ಲನ್ನು ಸೊಂಟದ ಬಟ್ಟೆಗೆ ಸುತ್ತಿ ಗಂಟು ಹಾಕಿಕೊಂಡಳು.

"ಅರಾಪಾ ಮೇಲೆ ಇದನ್ನ ಇಟ್ಟಿದ್ದಕ್ಕೆ ನಾಲ್ಕು ವರ್ಷ ನೀನು ನೆಮ್ಮದಿಯಾಗಿದ್ದೆ. ಈಗ ಸ್ವಲ್ಪ ದಿನ ನನ್ನ ಹತ್ರಾನೇ ಇರ್ಲಿ" ಎಂದಳು. ಆಮೇಲೆ ಕುದುರೆಗಳು ಬಹಳ ಮುಂದೆ ಹೋಗಿವೆ, ನಡೆ ಎಂದಳು.

ಪಾಚಂತಾದ ಅಂಗಡಿಯ ಮುಂದೆ ನಾನು ತಲೆ ಎತ್ತಲಿಲ್ಲ. ಅದಾಗಿ ಆರು ವರ್ಷವಾಯಿತು, ಬಾಯಾರಿಕೆ ಹೋಗಿಲ್ಲ, ಕುಡಿದೂ ಇಲ್ಲ. ಊರಿನವರಿಗೆ ಬುದ್ಧಿ ಹೇಳುವುದನ್ನು ಮಾತ್ರ ಬಿಟ್ಟಿದ್ದೇನೆ. ಅವಳು ಆ ಕಲ್ಲನ್ನು ಮನೆಯಲ್ಲಿ ಎಲ್ಲಿಟ್ಟಿದ್ದಾಳೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಕೆಲವು ದಿನ ಬೆಳಿಗ್ಗೆ ಅವಳು ಆಲ್ಪಾಕಗಳನ್ನು ಮೇಯಿಸಲು ಹೊರಟರೆ, ಎಲ್ಲವನ್ನೂ ಒಂದೂ ಬಿಡದೆ ಹೊಡೆದುಕೊಂಡು ಹೊರಡುತ್ತಾಳೆ. ಸಂಜೆ ಅವುಗಳ ಗಂಟೆ ಕೇಳುವವರೆಗೆ ನಾನು ಅಂಗಳ ಬಿಟ್ಟು ಕದಲುವುದಿಲ್ಲ.