ತಾಗಿತೋ ಇಲ್ಲವೋ

"ತಾಗ್ತು," ಅಂದ ಬಜರ್ ಮಾವ. ರಿಂಗಿಗೆ ಬೆನ್ನು ಹಾಕಿ ಕೂತವನು ತಿರುಗಿಯೂ ನೋಡಲಿಲ್ಲ.

"ಈಗ?"

"ತಾಗ್ಲಿಲ್ಲ. ಬರೀ ಬಲೆ."

"ಈಗ ಹೇಳಿ ನೋಡೋಣ?"

"ಹಲಗೆಗೆ ಬಡೀತು, ರಿಂಗಿಗೆ ಬಡೀತು, ಕೊನೇಗೆ ನಿನ್ನ ಮರ್ಯಾದೆಗೆ ಬಡೀತು. ಒಳಗೆ ಮಾತ್ರ ಹೋಗ್ಲಿಲ್ಲ."

ಅಭ್ಯಾಸ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದ ಆಟಗಾರರೆಲ್ಲ ಹೋ ಎಂದು ನಕ್ಕರು. ಚೆಂಡು ಎಸೆಯುತ್ತಿದ್ದ ಕ್ಯಾಪ್ಟನ್ ಸೋತೆನಪ್ಪಾ ಎಂದು ಎರಡೂ ಕೈ ಎತ್ತಿದ. ಇದು ಅವರ ಹಳೆಯ ಆಟ. ಮಾವ ಒಂದು ಸಲವೂ ತಪ್ಪಿದ್ದಿಲ್ಲ.

ಮಾವ ಅಲ್ಲಿ ಯಾರ ಮಾವನೂ ಅಲ್ಲ. ಊರಿನ ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ಹತ್ತೊಂಬತ್ತು ವರ್ಷದಿಂದ ಇಪ್ಪತ್ತನಾಲ್ಕು ಸೆಕೆಂಡಿನ ಗಡಿಯಾರ ಒತ್ತುವವನು. ಚೆಂಡು ಸಿಕ್ಕ ತಂಡ ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಅದನ್ನು ಬುಟ್ಟಿಗೆ ಎಸೆಯಬೇಕು. ಎಸೆದದ್ದು ರಿಂಗಿಗೆ ತಾಗಿ ಮತ್ತೆ ಅವರ ಕೈಗೇ ಬಂದರೆ ಇನ್ನೂ ಹದಿನಾಲ್ಕು ಸೆಕೆಂಡು ಸಿಗುತ್ತದೆ. ತಾಗದಿದ್ದರೆ ಗಡಿಯಾರ ಹಾಗೇ ಓಡಿ, ಸೊನ್ನೆಗೆ ಬಂದೊಡನೆ ಬಜರ್ ಕೂಗಬೇಕು. ತಾಗಿತೋ ಇಲ್ಲವೋ ಎಂದು ರೆಪ್ಪೆ ಬಡಿಯುವುದರೊಳಗೆ ತೀರ್ಮಾನಿಸಿ ಗುಂಡಿ ಒತ್ತುವುದು ಮಾವನ ಕೆಲಸ. ಸರಿಯಾಗಿ ಒತ್ತಿದರೆ ಯಾರೂ ಅವನ ಕಡೆ ನೋಡುವುದಿಲ್ಲ. ತಪ್ಪಿದರೆ ಇಡೀ ಸಭಾಂಗಣ ಅವನ ಜನ್ಮ ಜಾಲಾಡುತ್ತದೆ.

ಆ ಕಿವಿ ಅವನಿಗೆ ಕಸುಬಿನಿಂದ ಬಂದದ್ದು. ಹಗಲು ಅವನು ಮೋಟಾರು ರಿಪೇರಿಯವನು. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗೆ ಯಾವ ಬೇರಿಂಗು ಸವೆದಿದೆ ಎಂದು ಹೇಳಿಬಿಡುತ್ತಾನೆ. ಆದರೆ ರಿಂಗಿನ ವಿಷಯದಲ್ಲಿ ಅವನು ಕಿವಿಯನ್ನೇ ನಂಬಿ ಕೂತದ್ದು ಶೋಕಿಗಲ್ಲ. ಎರಡು ವರ್ಷದಿಂದ ಅವನ ಕಣ್ಣು ಕೈಕೊಟ್ಟಿತ್ತು. ನೇರವಾಗಿ ನೋಡಿದ್ದೇ ಮಾಯವಾಗುತ್ತಿತ್ತು, ಸುತ್ತಲಿನದು ಮಾತ್ರ ಉಳಿಯುತ್ತಿತ್ತು. ಹೆಂಡತಿಯ ಮುಖ ನೋಡಿದರೆ ಕಿವಿಯ ಓಲೆ ಕಾಣುತ್ತಿತ್ತು, ಮೂಗು ಬಾಯಿ ಇರುತ್ತಿರಲಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಆಟಗಾರರ ಓಡಾಟ ಅಂಚಿನ ನೋಟಕ್ಕೆ ಸಿಗುತ್ತಿತ್ತು. ಕ್ಲಬ್ಬಿನ ಸಭಾಂಗಣದಲ್ಲಿ ಗಲಾಟೆ ಕಮ್ಮಿ, ರಿಂಗಿನ ಸದ್ದು ಚೆನ್ನಾಗಿ ಕೇಳುತ್ತಿತ್ತು. ಅಷ್ಟರಲ್ಲಿ ಅವನು ಸಂಸಾರ ತೂಗಿಸಿದ್ದ. ಹೆಂಡತಿಗೆ ಬಿಟ್ಟರೆ ಯಾರಿಗೂ ಸುಳಿವಿರಲಿಲ್ಲ.

ಈ ಸಲ ಕ್ಲಬ್ಬಿಗೆ ಶುಕ್ರದೆಸೆ ತಿರುಗಿತ್ತು. ಮೊದಲ ಬಾರಿಗೆ ದೇಶದೇಶಗಳ ಕ್ಲಬ್ಬುಗಳು ಆಡುವ ಪಂದ್ಯಾವಳಿಗೆ ಅವರು ಆಯ್ಕೆಯಾಗಿದ್ದರು. ಇನ್ನು ಮೂರು ವಾರಕ್ಕೆ ಶುರು. ಮೂರು ಪಂದ್ಯ ಇಲ್ಲೇ, ಈ ಸಭಾಂಗಣದಲ್ಲೇ, ಮೊದಲನೆಯದಂತೂ ಎರಡು ಸಲ ಕಪ್ ಗೆದ್ದ ಸಮುದ್ರದಾಚೆಯ ಕ್ಲಬ್ಬಿನ ಜೊತೆ. ಹೊಸ ನೆಲ ಬಂತು, ಹೊಸ ಗಡಿಯಾರ ಬಂತು, ಎಂಟು ದೊಡ್ಡ ಸ್ಪೀಕರು ಬಂದವು. ಆಟ ನಡೆಯುವಾಗಲೂ ಹಾಡು ಹಾಕುತ್ತಾರಂತೆ, ಅದು ಆ ಪಂದ್ಯಾವಳಿಯ ಪದ್ಧತಿಯಂತೆ. ಸ್ಪೀಕರು ಪರೀಕ್ಷಿಸಿದ ದಿನ ಕ್ಯಾಪ್ಟನ್ ಎಸೆದ ಹತ್ತು ಚೆಂಡಿನಲ್ಲಿ ಒಂದರ ಸದ್ದೂ ಮಾವನಿಗೆ ಕೇಳಲಿಲ್ಲ. ತಲೆನೋವೆಂದು ನೆಪ ಹೇಳಿ ಎದ್ದು ಮನೆಗೆ ಬಂದ.

ಮನೆಯಲ್ಲಿ ಹೆಂಡತಿ ತಂಡದ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಕ್ಲಬ್ಬಿನ ಬಟ್ಟೆ ಒಗೆಯುವ ಕೆಲಸ ಅವಳದು. ಮಾವ ಬೀರುವಿನ ಬಾಗಿಲಿಗೆ ಅಂಟಿಸಿದ್ದ ಪಂದ್ಯಗಳ ಪಟ್ಟಿಯ ಮುಂದೆ ಹೋಗಿ ನಿಂತ.

"ಮತ್ತೆ ಅದನ್ನೇ ಓದ್ತಿದೀರಾ?"

"ಓದೋಕೆಲ್ಲಿ ಆಗುತ್ತೆ. ಮುಟ್ಟಿ ನೋಡ್ತಿದೀನಿ."

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಹೇಳ್ಬಿಡ್ರೀ ಅವರಿಗೆ. ಹೂವಿನ ಹಾರ ಹಾಕಿ, ನಾಲ್ಕು ಒಳ್ಳೇ ಮಾತಾಡಿ ಕಳಿಸ್ತಾರೆ."

"ಹಾರ ಯಾರಿಗೆ ಬೇಕು? ನಾನು ಮೊದಲ್ನೇ ದಿನ ಆ ಮೇಜಿಗೆ ಕೂತಾಗ ನೋಡೋಕೆ ಬಂದಿದ್ದು ಹನ್ನೊಂದು ಜನ. ಅದ್ರಲ್ಲಿ ನಾಲ್ವರು ಮಳೆ ಅಂತ ಒಳಗೆ ಬಂದೋರು. ಒಂದಿನ ಇಲ್ಲಿಗೆ ಫಾರಿನ್ ಟೀಮ್ ಬರುತ್ತೆ ಅಂತ ನಾವೇ ಹೇಳ್ಕೊಂಡು ನಾವೇ ನಗ್ತಾ ಇದ್ವಿ. ಈಗ ನಿಜವಾಗ್ಲೂ ಬರ್ತಿದೆ." ಅವನ ಬೆರಳು ಪಟ್ಟಿಯ ಮೇಲೇ ಇತ್ತು. "ನಂಗೆ ಆಸೆ ಕಣೇ. ಆ ದಿನ ಆ ಕುರ್ಚೀಲಿ ಇರ್ಬೇಕು ಅಂತ ಆಸೆ. ಮೂರೇ ಮ್ಯಾಚು. ಆಮೇಲೆ ನಾನೇ ಎದ್ದು ಬರ್ತೀನಿ."

"ನಿಮ್ಮ ಆಸೆ ನಂಗೆ ಗೊತ್ತಿಲ್ವಾ? ನಿದ್ದೇಲೂ ಹೆಬ್ಬೆರಳು ಒತ್ತುತಾ ಇರ್ತೀರ. ಆದ್ರೆ ಆ ದಿನ ಒಂದು ತಪ್ಪಾದ್ರೆ ಹತ್ತೊಂಬತ್ತು ವರ್ಷ ಮಣ್ಣುಪಾಲು."

ಅವಳು ಇನ್ನೊಂದು ಅಂಗಿ ಎಳೆದುಕೊಂಡಳು.

ಮಾರನೆಯ ದಿನ ಅವನು ಟೀಚರ್ ಮನೆಗೆ ಹೋದ. ಟೀಚರ್ ಎಂದರೆ ನಿವೃತ್ತ ಲೆಕ್ಕದ ಮೇಷ್ಟರಮ್ಮ, ಮೇಜಿನಲ್ಲಿ ಮಾವನ ಪಕ್ಕ ಕೂತು ಆಟದ ಒಟ್ಟು ಸಮಯ ನೋಡಿಕೊಳ್ಳುವವರು. ಅವರಿಗೆ ಎಲ್ಲವನ್ನೂ ಹೇಳಿದ.

"ಹಾಡಿನ ಗಲಾಟೇಲಿ ಕಿವಿ ನಡೆಯಲ್ಲ ಟೀಚರ್. ನಿಮ್ಮ ಕಾಲು ನನ್ನ ಕಾಲಿನ ಪಕ್ಕದಲ್ಲೇ ಇರತ್ತಲ್ಲ. ತಾಗಿದ್ರೆ ಒಂದ್ಸಲ ಮೆಟ್ಟಿ. ತಾಗ್ದಿದ್ರೆ ಸುಮ್ನಿರಿ. ಅಷ್ಟೇ."

"ಮೂವತ್ತೈದು ವರ್ಷ ಪರೀಕ್ಷೆ ಹಾಲಲ್ಲಿ ಕಾಪಿ ಹಿಡಿದವಳು ರೀ ನಾನು! ಈ ವಯಸ್ಸಲ್ಲಿ ನನ್ನ ಕೈಲೇ ಕಾಪಿ ಹೊಡೆಸ್ತೀರಲ್ಲ!"

"ಕೈಯಲ್ಲಲ್ಲ, ಕಾಲಲ್ಲಿ."

ಟೀಚರಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಆಗುವುದಿಲ್ಲ ಎನ್ನುವುದು ಅವರಿಗೆ ಕಷ್ಟವಾಯಿತು.

ಮುಂದಿನ ವಾರ ಪಂದ್ಯಾವಳಿಯ ಕಡೆಯಿಂದ ಪರೀಕ್ಷಕಿಯೊಬ್ಬಳು ಬಂದಳು. ಪಕ್ಕದೂರಿನ ಕ್ಲಬ್ಬಿನ ಜೊತೆ ಒಂದು ಸ್ನೇಹಪಂದ್ಯ. ಅದರಲ್ಲಿ ಮೇಜಿನವರ ಕೆಲಸ ನೋಡಿ, ಸರಿಯೆನಿಸಿದವರ ಹೆಸರು ಬರೆದುಕೊಂಡು ಹೋಗುವುದು ಅವಳ ಕೆಲಸ. ಮೇಜಿನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಳು. ಹಾಡು ಶುರುವಾಯಿತು. ಎದೆಗೂಡು ನಡುಗುವಷ್ಟು ಜೋರು.

ಮೂರು ಸುತ್ತು ಹೂವೆತ್ತಿದ ಹಾಗೆ ನಡೆಯಿತು. ಟೀಚರ್ ಮೆಟ್ಟಿದರು, ಮಾವ ಒತ್ತಿದ. ಟೀಚರ್ ಸುಮ್ಮನಿದ್ದರು, ಮಾವನೂ ಸುಮ್ಮನಿದ್ದ. ಅವನಿಗೆ ಧೈರ್ಯ ಬಂತು. ಎರಡು ವಾರದ ನಂತರದ ಆ ಸಂಜೆ, ತುಂಬಿದ ಗ್ಯಾಲರಿ, ಮೇಲಕ್ಕೆ ಹಾರಿಸುವ ಮೊದಲ ಚೆಂಡು, ಎಲ್ಲವೂ ಕೈಗೆಟಕುವಷ್ಟು ಹತ್ತಿರ ಬಂದಂತೆ ಕಂಡಿತು.

ಕೊನೆಯ ಸುತ್ತಿನಲ್ಲಿ ಅರ್ಧ ನಿಮಿಷ ಉಳಿದಿತ್ತು. ಊರಿನ ತಂಡ ಒಂದು ಅಂಕ ಹಿಂದೆ. ಮಾವನ ಗಡಿಯಾರದಲ್ಲಿ ಎರಡೇ ಸೆಕೆಂಡಿರುವಾಗ ಕ್ಯಾಪ್ಟನ್ ದೂರದಿಂದ ಎಸೆದ. ಈ ಕ್ಯಾಪ್ಟನ್ ಟೀಚರಿನ ಹಳೇ ವಿದ್ಯಾರ್ಥಿ. ಲೆಕ್ಕದಲ್ಲಿ ಮೂರು ಸಲ ಫೇಲಾದರೂ ಅವರಿಗೆ ಅವನೆಂದರೆ ಪ್ರಾಣ. ಅವನ ಚೆಂಡು ರಿಂಗಿಗೆ ಒಂದು ಗೇಣು ಮುಂಚೆಯೇ ಕೆಳಗಿಳಿದದ್ದನ್ನು ಕಂಡು, "ಅಯ್ಯೋ ನಿನ್ನ!" ಎಂದು ಟೀಚರ್ ಎರಡೂ ಕಾಲು ನೆಲಕ್ಕೆ ಅಪ್ಪಳಿಸಿದರು. ಒಂದು ಕಾಲು ಮಾವನ ಬೂಟಿನ ಮೇಲೆ ಬಿತ್ತು.

ಮಾವ ಹದಿನಾಲ್ಕರ ಗುಂಡಿ ಒತ್ತಿದ.

ಬಿದ್ದ ಚೆಂಡನ್ನು ಅದೇ ತಂಡದ ಉದ್ದನೆಯವನು ಹಿಡಿದು ಕ್ಯಾಪ್ಟನ್ನಿಗೆ ಕೊಟ್ಟ. ನಿಧಾನವಾಗಿ, ಐದು ಸೆಕೆಂಡು ತೆಗೆದುಕೊಂಡು, ಕ್ಯಾಪ್ಟನ್ ಅದನ್ನು ಬುಟ್ಟಿಗೆ ಹಾಕಿದ. ಜನ ಎದ್ದು ಕೂಗಾಡಿದರು. ಎದುರು ತಂಡದ ಕೋಚು ಮೇಜಿಗೆ ಓಡಿ ಬಂದ. ರೆಫರಿ ಸಿಳ್ಳೆ ಊದಿ ಕೈ ಎತ್ತಿದ್ದೇ ಹಾಡು ನಿಂತಿತು. ಈಗ ಸೂಜಿ ಬಿದ್ದರೂ ಕೇಳುವಂತಿತ್ತು.

"ಚೆಂಡು ರಿಂಗಿಗೆ ತಾಗಿತ್ತಾ?" ರೆಫರಿ ಮಾವನನ್ನು ಕೇಳಿದ. "ನನ್ನ ಮುಂದೆ ಇಬ್ಬರು ಹಾರಿದ್ರು, ನಂಗೆ ಕಾಣ್ಲಿಲ್ಲ."

"ಮಾವ ಒತ್ತಿದ್ರು ಅಂದ್ರೆ ತಾಗಿರುತ್ತೆ ಸರ್," ಎಂದ ಕ್ಯಾಪ್ಟನ್. ಅವನಿಗೆ ಗೊತ್ತಿರಬೇಕಿತ್ತು, ಎಸೆದವನು ಅವನೇ. ಆದರೂ ಅವನ ದನಿಯಲ್ಲಿ ಸುಳ್ಳಿರಲಿಲ್ಲ. ತನ್ನ ಕಣ್ಣಿಗಿಂತ ಮಾವನನ್ನೇ ಅವನು ಹೆಚ್ಚು ನಂಬಿದ್ದ.

ಎದುರು ತಂಡದ ಕೋಚು ಮೇಜಿನ ಮೇಲೆ ಎರಡೂ ಕೈ ಊರಿದ. ಅವನೂ ಹಳಬ. "ಸರಿ, ನೀವೇ ಹೇಳಿ ಮಾವ. ನೀವು ತಾಗ್ತು ಅಂದ್ರೆ ನಾನು ತೆಪ್ಪಗೆ ಹೋಗಿ ಕೂತ್ಕೋತೀನಿ. ಇಷ್ಟು ವರ್ಷದಲ್ಲಿ ನೀವು ನಮಗೆ ಒಂದು ದಿನಾನೂ ಮೋಸ ಮಾಡಿಲ್ಲ."

ಮಾವ ಟೀಚರ್ ಕಡೆ ತಿರುಗಿದ. ಅವರ ಮುಖವಿರಬೇಕಾದ ಕಡೆ ಏನೂ ಇರಲಿಲ್ಲ, ಸುತ್ತ ಬಿಳಿ ಕೂದಲು ಮಾತ್ರ. ಮೇಜಿನ ಕೆಳಗೆ ಅವರ ಕಾಲು ಹಿಂದಕ್ಕೆ ಸರಿದಿತ್ತು. ತಾಗಿತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಒಂದೇ ಮಾತು ಸಾಕಿತ್ತು. ಅಂದುಬಿಟ್ಟರೆ ಕೋಚು ಹೋಗಿ ಕೂರುತ್ತಾನೆ, ಪರೀಕ್ಷಕಿ ಹೆಸರು ಬರೆದುಕೊಳ್ಳುತ್ತಾಳೆ, ಕುರ್ಚಿ ಅವನದಾಗುತ್ತದೆ.

"ನಂಗೂ ಕಾಣ್ಲಿಲ್ಲ," ಅಂದ ಮಾವ.

"ಅಡ್ಡ ಯಾರಾದ್ರೂ ಬಂದ್ರಾ?"

"ಯಾರೂ ಬರ್ಲಿಲ್ಲ ಸರ್. ನಂಗೆ ರಿಂಗೇ ಕಾಣಲ್ಲ. ಎರಡು ವರ್ಷ ಆಯ್ತು."

"ತಪ್ಪು ಇವರದ್ದಲ್ಲ, ನಾನೇ..." ಎಂದು ಟೀಚರ್ ಬಾಯಿ ತೆಗೆದರು. ಮಾವ ಅವರ ಕಾಲನ್ನು ಬಲವಾಗಿ ಮೆಟ್ಟಿದ. ಟೀಚರ್ ಮಾತು ನುಂಗಿ ತಲೆ ತಗ್ಗಿಸಿದರು.

ಗಡಿಯಾರ ಒತ್ತಿದ್ದು ಲೆಕ್ಕಕ್ಕಿಲ್ಲವೆಂದು ರೆಫರಿ ಆ ಬುಟ್ಟಿಯನ್ನು ರದ್ದು ಮಾಡಿದ, ಅಂಕ ಹೋಯಿತು. ಪಂದ್ಯವೂ ಹೋಯಿತು. ಕ್ಯಾಪ್ಟನ್ ಮೇಜಿನ ಮುಂದೆ ಬಂದು ನಿಂತ, ಮಾವನ ಕೈ ಹಿಡಿದುಕೊಂಡು ಹಾಗೇ ಬಿಟ್ಟು ಹೋದ.

ಎಲ್ಲರೂ ಹೋದ ಮೇಲೆ ಪರೀಕ್ಷಕಿ ಅವನನ್ನು ಕಚೇರಿ ಕೋಣೆಗೆ ಕರೆದಳು. ಒಗೆಯುವ ಅಂಗಿಗಳ ಗಂಟು ಒಯ್ಯಲು ಬಂದಿದ್ದ ಹೆಂಡತಿ ಬಾಗಿಲಲ್ಲೇ ನಿಂತಳು. ಅವಳಿಗೆ ಯಾರೋ ಹೇಳಿದ್ದರು.

"ಬೇರೆಯವರಿಗೆ ಜಾಗ ಬಿಡ್ತೀನಿ ಅಂತ ಒಂದು ಸಹಿ ಬೇಕು," ಎಂದಳು ಪರೀಕ್ಷಕಿ.

"ಎಲ್ಲಿ ಹಾಕ್ಲಿ ಅಮ್ಮಾ?"

ಅವಳು ಅವನ ಬೆರಳು ಹಿಡಿದು ಗೆರೆಯ ಮೇಲಿಟ್ಟಳು. ಅವನು ಸಹಿ ಹಾಕಿದ. ಗೆರೆ ದಾಟಿ ಅದು ಕೆಳಗೆ ಜಾರಿತು. ಅವಳು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಎರಡು ವರ್ಷ, ಬರೀ ಸದ್ದು ಕೇಳ್ಕೊಂಡೇ?"

"ಬರೀ ಸದ್ದು."

ಮಾವನಿಗೆ ಎದ್ದು ಹೋಗಬೇಕೆನಿಸಿತು, ಕಾಲು ಬರಲಿಲ್ಲ. ಎದೆಯೊಳಗಿದ್ದದ್ದು ಬಾಯಿಗೆ ಬಂದೇಬಿಟ್ಟಿತು.

"ಅಮ್ಮಾ, ಒಂದು ಕೇಳ್ಲಾ? ಆ ಸಮುದ್ರದಾಚೆಯೋರು ಬಂದ ದಿನ, ಆಟ ನಡೀತಿರುವಾಗ... ಹಾಡು ಒಂಚೂರು ಕಮ್ಮಿ ಮಾಡೋಕಾಗುತ್ತಾ? ಪೂರ್ತಿ ಬೇಡ. ರಿಂಗಿನ ಹತ್ರದ ಸ್ಪೀಕರ್ ಒಂದನ್ನ. ನಾನು ಅಲ್ಲೇ ಕೂತ್ಕೋತೀನಿ, ಜನರ ಜೊತೆ."

"ಅದು ನನ್ನ ಕೈಲಿಲ್ಲ," ಎಂದಳು ಅವಳು.

"ಗೊತ್ತು. ಸುಮ್ನೆ ಕೇಳ್ದೆ."

ಬಾಗಿಲಲ್ಲಿ ಹೆಂಡತಿ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಪರೀಕ್ಷಕಿ ಹಾಳೆ ಮಡಿಸಲಿಲ್ಲ. "ರಿಂಗಿನ ಹತ್ರದ ಸ್ಪೀಕರ್ ಅಂದ್ರಲ್ಲ?" ಎಂದಳು. ಅದರ ಮೇಲೆ ಪೆನ್ನು ಓಡತೊಡಗಿದ್ದು ಮಾವನಿಗೆ ಕೇಳಿಸಿತು. ಅವನು ಉಸಿರು ಬಿಗಿಹಿಡಿದು ಆಲಿಸಿದ. ಒಂದು ಸಾಲು ಮುಗಿದು ಪೆನ್ನು ಎದ್ದಿತು, ಮತ್ತೆ ಇಳಿದು ಎರಡನೆಯದನ್ನು ಹಿಡಿಯಿತು.