ಸೈರನ್ ನಿಂತಲ್ಲಿ ಎಡಕ್ಕೆ

ಸುಶ್ಮಿತಾಗೆ ಬೇಕಾಗಿದ್ದದ್ದು ಇಷ್ಟೇ: ಯಾರೂ ನೋಡದ, ಯಾರೂ ಮಾತನಾಡಿಸದ ಒಂದು ಜಾಗದಲ್ಲಿ ಒಂದು ಗಂಟೆ ಈಜಬೇಕು. ಇಷ್ಟಕ್ಕೆ ಒಂದು ಹುಡುಗಿ ಇನ್ನೆಷ್ಟು ಪೆಟ್ರೋಲ್ ಸುಡಬೇಕು?

ಶಿವಮೊಗ್ಗದ ಈಜುಕೊಳದಲ್ಲಿ ಹೆಂಗಸರ ಬ್ಯಾಚು ನಲವತ್ತೈದು ನಿಮಿಷ. ಆ ಸಮಯವೆಲ್ಲ ಇನ್ನೊಬ್ಬರ ಹಿಮ್ಮಡಿ ಮೂಗಿಗೆ ಬಡಿಯದ ಹಾಗೆ ತಪ್ಪಿಸಿಕೊಳ್ಳುವುದರಲ್ಲೇ ಕಳೆಯುತ್ತದೆ. ಗಾಜನೂರು ಅಣೆಕಟ್ಟಿನಲ್ಲಿ ನೀರಿಗೆ ಹೆಬ್ಬೆರಳು ತಾಗಿಸುವ ಮೊದಲೇ ಕಾವಲುಗಾರನ ಸೀಟಿ. ಹೊಳಲೂರಿನ ಹತ್ತಿರ ಹೊಳೆಗೆ ಇಳಿದಾಗಲಂತೂ ಟ್ರ್ಯಾಕ್ಟರ್ ತೊಳೆಯುತ್ತಿದ್ದ ಮೂವರು ಕೈಯಲ್ಲಿದ್ದ ಬಕೆಟ್ ಇಳಿಸಿ ನಿಂತುಬಿಟ್ಟರು. ಅವರಲ್ಲೊಬ್ಬ ಅಪ್ಪನ ಪರಿಚಯದವನು. ಅವಳು ಗೋಪಾಳ ಬಡಾವಣೆಯ ತಮ್ಮ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಹಾಗಾಗಿ ಭದ್ರಾವತಿಯ ದೊಡ್ಡಪ್ಪ ಮನೋಹರ ಫೋನಿನಲ್ಲಿ, "ನನಗೊಂದು ನೀರಿನ ಗುಂಡಿ ಗೊತ್ತು ಕಣೇ. ಹಳ್ಳದಲ್ಲೇ ನಡ್ಕೊಂಡು ಹೋಗ್ಬೇಕು, ಎರಡೂ ಕಡೆ ಬಂಡೆ. ನರಪಿಳ್ಳೆ ಸುಳಿಯಲ್ಲ" ಎಂದಾಗ ಅವಳು ಕುಣಿದಾಡಿಬಿಟ್ಟಳು. ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ಅವರ ಮನೆ ಮುಂದೆ ಅವಳ ಸ್ಕೂಟಿ ನಿಂತಿತ್ತು.

"ದಾರಿ ಗೊತ್ತು ತಾನೆ?" ಎಂದು ಕೇಳಿದಳು.

ಹಿಂದೆ ಹತ್ತಿ ಕೂತ ದೊಡ್ಡಪ್ಪನಿಗೆ ಅವಮಾನವಾಯಿತು. "ಏನೇ ಹಿಂಗ್ ಕೇಳ್ತೀಯ? ವಾರದ ರಜೆ ಬಂದ್ರೆ ಸಾಕು, ಕಾರ್ಖಾನೆಯ ನಮ್ಮ ಸೆಕ್ಷನ್ನೋರೆಲ್ಲ ಸೈಕಲ್ಲಲ್ಲಿ ಅಲ್ಲಿಗೇ. ಲಕ್ಕವಳ್ಳಿ ರೋಡಲ್ಲಿ ಹೋಗ್ತಾ ಇರೋದು. ಎರಡು ಗಂಟೆ ಸೈರನ್ ಎಲ್ಲಿ ಸೊಳ್ಳೆ ಗುಂಯ್ ಅಂದಂಗೆ ಕೇಳುತ್ತೋ, ಅಲ್ಲಿ ಎಡಕ್ಕೆ ತಿರುಗೋದು."

ಆಗಷ್ಟೇ ಹೊರಟಿದ್ದ ಸ್ಕೂಟಿಗೆ ಸುಶ್ಮಿತಾ ಬ್ರೇಕ್ ಹಾಕಿದಳು. "ದೊಡ್ಡಪ್ಪಾ, ನಿಮ್ಮ ಕಾರ್ಖಾನೆ ಸೈರನ್ ನಿಂತು ಎಷ್ಟು ವರ್ಷ ಆಯ್ತು?"

"ಅದೂ ಹೌದಲ್ಲ," ಎಂದು ದೊಡ್ಡಪ್ಪ ಗಡ್ಡ ಕೆರೆದುಕೊಂಡರು. ಭದ್ರಾವತಿಯ ಹಳಬರೆಲ್ಲ ಹೀಗೆಯೇ. ಅನ್ನಕ್ಕಿಡುವುದಿರಲಿ, ದಾರಿ ಹೇಳುವುದಿರಲಿ, ಎಲ್ಲಕ್ಕೂ ಸೈರನ್ನೇ ಲೆಕ್ಕ. "ಇರ್ಲಿ ಬಿಡು, ಕೇಳ್ಕೊಂಡು ಹೋದ್ರಾಯ್ತು."

ಆಗಲೇ ವಾಪಸ್ ತಿರುಗಿಸಬೇಕಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತು.

ಮೊದಲು ಸಿಕ್ಕಿದ್ದು ಒಂದು ಟೀ ಅಂಗಡಿ. ದೊಡ್ಡಪ್ಪ ಇಳಿದರು, ಟೀ ಹೇಳಿದರು, ಬೆಂಚಿನ ಮೇಲೆ ಕೂತರು. "ಇವಳು ನನ್ನ ತಮ್ಮನ ಮಗಳು. ಶಿವಮೊಗ್ಗದಲ್ಲಿ ಬಿಎಸ್ಸಿ. ಈಜು ಕಲ್ತಿದಾಳೆ. ಅಲ್ಲೆಲ್ಲ ಜನ ನೋಡ್ತಾರೆ ಅಂತ ನಾಚಿಕೆ ಇವಳಿಗೆ. ಅದಕ್ಕೆ ಯಾರೂ ಇಲ್ಲದ ಕಡೆ ಕರ್ಕೊಂಡ್ ಹೊರಟಿದೀನಿ. ಇಲ್ಲೊಂದು ಗುಂಡಿ ಇತ್ತಲ್ಲ?"

ಟೀ ಕುಡಿಯುತ್ತಿದ್ದ ಆರು ಜನರೂ ತಿರುಗಿ ಸುಶ್ಮಿತಾಳನ್ನು ನೋಡಿದರು. ಅವಳು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡಳು.

ಮತ್ತೆ ಹೊರಟಾಗ ಅವಳು ಸಿಡುಕಿದಳು. "ಬರೀ ದಾರಿ ಕೇಳಕ್ಕಾಗಲ್ವಾ ನಿಂಗೆ?"

"ಬರೀ ದಾರಿ ಹೆಂಗೇ ಕೇಳೋದು? ಯಾರು, ಯಾಕೆ ಅಂತ ಹೇಳ್ಬೇಕಪ್ಪ. ಇಲ್ದಿದ್ರೆ ಕಳ್ರು ಅನ್ಕೋತಾರೆ."

ಹಾಲಿನ ಡೇರಿಯ ಮುಂದೆ ಒಂದು ಸಲ, ಬಸ್‌ಸ್ಟಾಪಿನಲ್ಲಿ ಒಂದು ಸಲ, ತೆಂಗಿನಕಾಯಿ ಸುಲಿಯುತ್ತಿದ್ದ ಮುದುಕಿಯ ಹತ್ತಿರ ಒಂದು ಸಲ. ಪ್ರತಿ ಸಲವೂ ತಮ್ಮನ ಮಗಳು, ಬಿಎಸ್ಸಿ, ನಾಚಿಕೆ. ಮುದುಕಿಯ ಮುಂದೆ ಸುಶ್ಮಿತಾಗೆ ಸೆಕೆಂಡ್ ಸೆಮಿಸ್ಟರಿನಲ್ಲಿ ಬಂದ ಪರ್ಸೆಂಟೇಜೂ ಸೇರಿಕೊಂಡಿತು. ಕೊನೆಗೆ ಬೇಲಿ ಕಟ್ಟುತ್ತಿದ್ದ ಹೊನ್ನಯ್ಯ ಎಂಬ ರೈತ ಕತ್ತಿ ಕೆಳಗಿಟ್ಟು, "ಓಹೋ, ಅದಾ! ಇಲ್ಲೇ ಎಡಕ್ಕೆ. ಹಳ್ಳ ಹಿಡ್ಕೊಂಡು ಒಂದು ಮೈಲಿ ಹೋಗಿ" ಎಂದ. ಸ್ಕೂಟಿಯನ್ನು ಬೇಲಿಯ ಪಕ್ಕದಲ್ಲೇ ನಿಲ್ಲಿಸಿ ಅವರು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವನು ಜೇಬಿನಿಂದ ಫೋನ್ ತೆಗೆದದ್ದನ್ನು ಸುಶ್ಮಿತಾ ನೋಡಿದಳು. ಮನೆಗೇನೋ ಹೇಳುತ್ತಿರಬೇಕು ಅಂದುಕೊಂಡಳು.

ಹಳ್ಳದಲ್ಲಿ ನಡೆಯುವುದು ಶುರುವಾದ ಮೇಲೆ ಅವಳ ಸಿಟ್ಟು ಸ್ವಲ್ಪ ಇಳಿಯಿತು. ನೀರು ಮೊಣಕಾಲಿನವರೆಗೆ, ತಣ್ಣಗೆ, ತಳದ ಕಲ್ಲು ಎಣಿಸಬಹುದಾದಷ್ಟು ತಿಳಿ. ಹೋಗಹೋಗುತ್ತ ಎರಡೂ ಕಡೆಯ ಬಂಡೆ ಎತ್ತರವಾಯಿತು, ಹಳ್ಳ ಸಪೂರವಾಯಿತು, ಆಕಾಶ ಒಂದು ಪಟ್ಟಿಯಷ್ಟೇ ಉಳಿಯಿತು. ದೊಡ್ಡಪ್ಪ ಮೂರು ಸಲ ಜಾರಿದರು, ಮೂರು ಸಲವೂ ಕಲ್ಲಿಗೇ ಬೈದರು. ಮುಂದಿನ ತಿರುವಿನಾಚೆಯಿಂದ ನೀರು ಧುಮುಕುವ ಸದ್ದು ಕೇಳಿಸಿತು. ಸುಶ್ಮಿತಾ ಓಡಿದಳು.

ಗುಂಡಿ ಇತ್ತು. ಒಂದು ಮೂಲೆಗೆ ಧುಮುಕುವ ಧಾರೆ, ಉಳಿದದ್ದೆಲ್ಲ ಹಸಿರು, ಆಳ, ಅಲುಗಾಡದ ನೀರು.

ಅದರ ಸುತ್ತ ಬಂಡೆಗಳ ಮೇಲೆ ಹದಿನಾಲ್ಕು ಜನ ಕೂತಿದ್ದರು.

ಹೊನ್ನಯ್ಯನೂ ಇದ್ದ. "ಊರ ಹಿಂದಿನಿಂದ ಒಳದಾರಿ ಐತೆ," ಎಂದು ಹಲ್ಲು ಕಿರಿದ. "ಹುಡುಗಿ ಈಜೋದು ನೋಡಿಲ್ವಲ್ಲ ನಮ್ಮೋರು. ಅದಕ್ಕೆ ಫೋನ್ ಮಾಡ್ದೆ." ಯಾರೋ ಮಂಡಕ್ಕಿ ತಂದಿದ್ದರು. ಒಬ್ಬ ಮುಂದಿನ ಸಾಲಿಗಾಗಿ ಇನ್ನೊಬ್ಬನನ್ನು ತಳ್ಳುತ್ತಿದ್ದ.

ಸುಶ್ಮಿತಾ ದೊಡ್ಡಪ್ಪನ ಕಡೆ ತಿರುಗಿದಳು. "ನರಪಿಳ್ಳೆ ಸುಳಿಯಲ್ಲ ಅಂದ್ಯಲ್ಲ!"

"ನಮ್ಮ ಕಾಲದಲ್ಲಿ ಸುಳೀತಿರ್ಲಿಲ್ಲ ಮಾರಾಯ್ತಿ," ಎಂದ ದೊಡ್ಡಪ್ಪನ ಮುಖ ನಿಜವಾಗಿಯೂ ಸಣ್ಣದಾಯಿತು.

"ನಿಮ್ಮ ಕಾಲದಲ್ಲಿ ನೀನು ಯಾರಿಗೂ ಹೇಳ್ತಿರ್ಲಿಲ್ಲ, ಅದಕ್ಕೆ!"

ಎರಡು ವರ್ಷದಿಂದ ಹುಡುಕಿದ ನೀರು ಎದುರಿಗಿದೆ, ಇವರೆಲ್ಲ ಮಂಡಕ್ಕಿ ತಿನ್ನುತ್ತಿದ್ದಾರೆ. ಅವಳು ಚೀಲ ಹೆಗಲಿಗೆ ಏರಿಸಿದಳು. "ನಡಿ, ಹೋಗೋಣ."

"ಏ, ಎಲ್ಲಿಗ್ ಹೋಗ್ತೀಯೇ?"

ಕೂಗಿದ್ದು ಹೊನ್ನಯ್ಯನ ಹೆಂಡತಿ ಪುಷ್ಪಮ್ಮ. ಅಷ್ಟು ಹೊತ್ತು ಹಿಂದೆ ಮರಕ್ಕೊರಗಿ ಸುಮ್ಮನೆ ನಿಂತಿದ್ದವಳು ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. "ಥೂ ನಿಮ್ಮ, ಹೆಣ್ಣುಮಗು ಸ್ನಾನಕ್ಕೆ ಬಂದ್ರೆ ನಾಟಕ ನೋಡಕ್ಕೆ ಬಂದಂಗ್ ಕೂತಿದೀರಲ್ಲ! ಏಳ್ರಿ! ನೀನೂ ಏಳು, ಫೋನ್ ಮಾಡ್ದೋನೇ! ಇನ್ನು ಒಂದು ಗಂಟೆ ಈ ಕಡೆ ತಲೆ ಹಾಕಿದ್ರೆ ನೋಡಿ!"

ಗಂಡಸರು ಎದ್ದರು. ಮಂಡಕ್ಕಿಯೂ ಅವರ ಜೊತೆ ಹೋಯಿತು. "ನಾನು ದೊಡ್ಡಪ್ಪ ಅಲ್ವಾ..." ಎಂದು ರಾಗ ಎಳೆದ ಮನೋಹರರನ್ನು ಪುಷ್ಪಮ್ಮ, "ನೀವು ಮೊದ್ಲು ನಡೀರಿ" ಎಂದು ಅಟ್ಟಿದಳು.

ಆಮೇಲೆ ತಾನೇ ಸೀರೆಯಲ್ಲೇ ಗುಂಡಿಗೆ ದುಡುಮ್ಮನೆ ಹಾರಿದಳು. ಆಚೆ ದಡದಲ್ಲಿ ತಲೆ ಎತ್ತಿ, "ಮದುವೆಯಾಗಿ ಬಂದಾಗಿಂದ ಇದೇ ಗುಂಡಿ ನಂದು," ಎಂದಳು. "ಆ ಗಂಡಸ್ರಿಗೆ ಗೊತ್ತಿಲ್ಲ. ಬಟ್ಟೆ ಒಗೆಯಕ್ಕೆ ಹೋಗಿದಾಳೆ ಅನ್ಕೊಂಡಿದಾರೆ."

ಇಷ್ಟು ದೂರ ಬಂದು ಎರಡನೆಯವಳಾಗಿ ಇಳಿಯುವುದೇ ಎಂದು ಸುಶ್ಮಿತಾಗೆ ಇನ್ನೊಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹಾರಿದಳು. ಚಳಿಗೆ ಉಸಿರು ನಿಂತು ಮತ್ತೆ ಬಂತು. ಕೈ ಚಾಚಿದರೆ ಯಾರ ಹಿಮ್ಮಡಿಯೂ ಇಲ್ಲ. ಆ ಕಡೆ, ಈ ಕಡೆ, ಬೆನ್ನ ಮೇಲೆ, ಮುಳುಗಿ, ಎದ್ದು, ಅವಳು ಈಜಿದಳು.

"ನೀರಿಗ್ಯಾಕೇ ಹಂಗ್ ಹೊಡೀತೀಯ, ಅದೇನ್ ಮಾಡ್ತು ನಿಂಗೆ?" ಎಂದು ಪುಷ್ಪಮ್ಮ ನಕ್ಕಳು. ಹೊರಡುವಾಗ ಅವಳ ಕಿವಿಯ ಹತ್ತಿರ ಬಂದು ಹೇಳಿದಳು: "ಬುಧವಾರ ಬಾ. ಎಲ್ರೂ ಸಂತೆಗೆ ಹೋಗಿರ್ತಾರೆ. ಆದ್ರೆ ನಿನ್ನ ದೊಡ್ಡಪ್ಪನಿಗೆ ಹೇಳ್ಬೇಡ."

ವಾಪಸ್ ಬರುವಾಗ ದೊಡ್ಡಪ್ಪ ಹಿಂದಿನಿಂದ ಬಾಗಿ ಕೇಳಿದರು, "ಕಿವೀಲಿ ಏನೇ ಹೇಳಿದ್ಲು?"

"ಏನಿಲ್ಲ. ಚೆನ್ನಾಗಿ ಓದು ಅಂದ್ಲು."

ದೊಡ್ಡಪ್ಪ ನಂಬಿದರು. ಟೀ ಅಂಗಡಿ ಬಂತು. ಅದೇ ಆರು ಜನ ಇನ್ನೂ ಅಲ್ಲೇ ಇದ್ದರು. ದೊಡ್ಡಪ್ಪ ಹಿಂದಿನ ಸೀಟಿನಿಂದಲೇ ಕೈ ಎತ್ತಿ, "ಸಿಕ್ತು ಕಣ್ರೀ! ನಮ್ಮ ತಮ್ಮನ ಮಗಳು..." ಎಂದು ಶುರು ಮಾಡಿದರು.

ಸುಶ್ಮಿತಾ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಳು.