ಪಾರ್ವತೆಮ್ಮನ ಓದುಗ

ಪಾರ್ವತೆಮ್ಮನ ಹಣೆಗೆ ವಿಭೂತಿ ಬಳಿದ ನೆರೆಮನೆಯ ಶಂಕ್ರಮ್ಮ, ಅವಳ ಬೆರಳುಗಳನ್ನು ನೆಟ್ಟಗೆ ಮಾಡಲು ನೋಡಿದಳು. ಆಗಲಿಲ್ಲ.

"ಟೈಪ್ ಹೊಡದು ಹೊಡದು ಹಿಂಗ ಆಗ್ಯಾವ ನೋಡವ್ವಾ," ಎಂದಳು.

ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣದ ಮುಂದೆ ಎಂಟ್ಹತ್ತು ಮಂದಿ ಇದ್ದರು. ಕುಷ್ಟಗಿಯ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಟೈಪಿಸ್ಟ್ ಆಗಿದ್ದವಳು. ನಿವೃತ್ತಿಯಾಗಿ ನಾಲ್ಕು ವರ್ಷ. ಮದುವೆಯಾಗಿರಲಿಲ್ಲ, ತಮ್ಮ ಉಮಾಪತಿಯ ಜೊತೆಗೇ ಇದ್ದಳು.

"ದಿನಾ ಸಂಜಿಮುಂದ ಬಸ್‌ಸ್ಟ್ಯಾಂಡ್ ಕಡೆ ಹೋಗತಿದ್ರು. ಯಾಕಂತ ಮನ್ಯಾಗ ಹೇಳಲೇ ಇಲ್ಲ," ಎಂದಳು ಉಮಾಪತಿಯ ಹೆಂಡತಿ ಸುರೇಖಾ.

ಬಾಗಿಲ ಬಳಿ ನಿಂತಿದ್ದ ಶಬ್ಬೀರಸಾಬ ಗಂಟಲು ಸರಿಮಾಡಿಕೊಂಡ. ಬಸ್‌ಸ್ಟ್ಯಾಂಡಿನ ಎದುರು ಅವನದು ಸೈಬರ್ ಸೆಂಟರ್.

"ನನ್ನ ಅಂಗಡಿಗಿ ಬರತಿದ್ರರಿ ಅಕ್ಕಾರು. ಬ್ಲಾಗ್ ಬರಿಯಾಕ."

"ಹಂಗಂದ್ರ?" ಎಂದಳು ಶಂಕ್ರಮ್ಮ.

"ಮನಸಿನ್ಯಾಗಿಂದು ಕಂಪ್ಯೂಟರಿನ್ಯಾಗ ಬರದು ಇಡೋದು. ಯಾರು ಬೇಕಾದ್ರೂ ಓದಬಹುದು."

"ಯಾರು ಓದತಿದ್ರಪಾ ಇಕಿದು?"

"ಒಬ್ಬರರಿ. ದಿನಾ ಒಬ್ಬರು ನೋಡ್ಯಾರಂತ ಕೆಳಗ ತೋರಸತಿತ್ತು. ಯಾರಂತ ಅಕ್ಕಾರಿಗೆ ಕಡೀತನಾ ಗೊತ್ತಾಗಲಿಲ್ಲ."

ಉಮಾಪತಿ ಎದ್ದ. ಬಿಲ್ವಪತ್ರೆ ಬಂತೇನು ನೋಡುವವನಂತೆ ಹೊರಗೆ ಹೋದ.

*

2010ರಲ್ಲಿ, ನಿವೃತ್ತಿಯಾದ ಮೂರನೆಯ ವಾರ, ಪಾರ್ವತೆಮ್ಮ ಶಬ್ಬೀರಸಾಬನ ಅಂಗಡಿಯ ಮೆಟ್ಟಿಲು ಹತ್ತಿದ್ದಳು. ಬ್ಲಾಗಿನ ಬಗ್ಗೆ ಪೇಪರಿನಲ್ಲಿ ಓದಿದ್ದಳಂತೆ. ಅವಳು ಕೀಲಿ ಒತ್ತುವ ರಭಸಕ್ಕೆ ಟೇಬಲ್ ಅಲುಗಿತು.

"ಮೆತ್ತಗ ಒತ್ರಿ ಅಕ್ಕಾರ," ಎಂದು ಶಬ್ಬೀರಸಾಬ ನಕ್ಕ. "ಏನು ಬರೀತೀರಿ?"

"ಗೊತ್ತಿಲ್ಲಪಾ. ಇಷ್ಟು ವರ್ಷ ಸಾಹೇಬರ ಮಾತ ಹೊಡದೀನಿ. ನಂದು ಅನ್ನೋದು ಏನರ ಐತೇನು ನೋಡೂಣು."

ಮೊದಲ ದಿನ ನಾಲ್ಕು ಸಾಲು ಬಂತು, ಕಚೇರಿಯ ಹಿಂದಿನ ಹುಣಸೆಗಿಡದ ಬಗ್ಗೆ. ಬರಬರುತ್ತ ಪುಟ ತುಂಬತೊಡಗಿತು. ಪ್ರತಿ ಸಂಜೆ ಬಂದವಳೇ ಮೊದಲು ಹಿಂದಿನ ದಿನದ ಬರಹದ ಕೆಳತುದಿಗೆ ಹೋಗುತ್ತಿದ್ದಳು. ಓದಿದವರು ಏನಾದರೂ ಹೇಳಬೇಕೆನಿಸಿದರೆ ಅಲ್ಲಿ ಬರೆಯುತ್ತಾರೆಂದು ಶಬ್ಬೀರಸಾಬ ಹೇಳಿಕೊಟ್ಟಿದ್ದ.

"ನೋಡ್ಯಾರ. ಏನೂ ಬರದಿಲ್ಲ," ಎನ್ನುತ್ತಿದ್ದಳು. ಕನ್ನಡಕ ಒರೆಸಿಕೊಂಡು ಹೊಸದನ್ನು ಶುರುಮಾಡುತ್ತಿದ್ದಳು.

*

ಅವಳ ಚೀಲದಿಂದ ಬಿದ್ದ ಚೀಟಿಯೊಂದರಲ್ಲಿ ಬ್ಲಾಗಿನ ವಿಳಾಸವಿತ್ತು. ಅದು ಸಿಕ್ಕದ್ದು ಉಮಾಪತಿಗೆ. ತನ್ನ ಗೊಬ್ಬರದಂಗಡಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿದ. ಮರುದಿನವೂ ನೋಡಿದ. ಆಮೇಲೆ ಒಂದು ದಿನವೂ ಬಿಡಲಿಲ್ಲ.

ಅಪ್ಪ ತೀರಿದಾಗ ಅವನಿಗೆ ಒಂಬತ್ತು ವರ್ಷ. ಓದಿಸಿದವಳು, ಮದುವೆ ಮಾಡಿದವಳು ಅಕ್ಕ. ಆದರೆ 1998ರಿಂದ ಅಕ್ಕತಮ್ಮಂದಿರ ನಡುವೆ ಮಾತು ಬತ್ತಿತ್ತು. ಹೇಳಬೇಕಾದ್ದೆಲ್ಲ ಸುರೇಖಾಳ ಮೂಲಕವೇ. ಒಂದು ದಿನ ಬ್ಲಾಗಿನಲ್ಲಿ ಅದರ ಕಾರಣವೇ ಬಂತು:

'ಹೆಂಡತಿ ಸತ್ತ ತಳಕಲ್ ಊರಿನ ಮಾಸ್ತರರೊಬ್ಬರು ನನ್ನನ್ನು ಕೇಳಲು ಬಂದಿದ್ದರು. ನನಗಾಗ ನಲವತ್ತೆಂಟು. ಅಡಿಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಈ ವಯಸ್ಸಿನ್ಯಾಗ ಮಂದಿ ನಗತಾರ ಎಂದು ನನ್ನ ತಮ್ಮ ಅವರಿಗೆ ಹೇಳಿದ್ದು ಕೇಳಿಸಿತು. ಮಾಸ್ತರರು ಎದ್ದು ಹೋದರು. ಎರಡೂ ಕಪ್ ನಾನೇ ಕುಡಿದೆ. ಸಕ್ಕರೆ ಸರಿಯಾಗಿತ್ತು.'

ಅಂದು ಊಟಕ್ಕೆ ಕೂತಾಗ ಅಕ್ಕ ಎದುರಿಗೇ ಇದ್ದಳು. ಉಮಾಪತಿ ಬಾಯಿ ತೆರೆದ.

"ಸಾರಿಗಿ ಉಪ್ಪು ಕಡಿಮಿ ಆಗೇತಿ," ಎಂದ, ಹೆಂಡತಿಗೆ.

ಪಾರ್ವತೆಮ್ಮ ಉಪ್ಪಿನ ಬಟ್ಟಲನ್ನು ಅವನತ್ತ ಸರಿಸಿದಳು.

*

ಮಧ್ಯಾಹ್ನ ಮೂರರ ಹೊತ್ತಿಗೆ ಕುಣಿಯಲ್ಲಿ ಅವಳನ್ನು ಕೂರಿಸಿ, ವಿಭೂತಿ ಪತ್ರಿ ತುಂಬಿ, ಮಣ್ಣು ಮುಚ್ಚಿದರು. ಮಂದಿ ಚದುರಿದರು. ಮೈಮೇಲೆ ನೀರು ಹಾಕಿಕೊಂಡ ಉಮಾಪತಿ ಮನೆಯ ದಾರಿ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಶಬ್ಬೀರಸಾಬ ಆಗಷ್ಟೇ ಶಟರ್ ಎತ್ತುತ್ತಿದ್ದ.

"ಓದತಿದ್ದಾವ ನಾನ," ಎಂದ ಉಮಾಪತಿ.

ಶಬ್ಬೀರಸಾಬ ಅವನ ಮುಖವನ್ನೇ ನೋಡಿದ. "ಒಂದು ಅಕ್ಷರ ಬರದು ಹಾಕಿದ್ರ ಸಾಕಿತ್ತಲ್ರೀ..." ಎಂದವನು ಕುರ್ಚಿ ಎಳೆದು ಕೊಟ್ಟ. ಬ್ಲಾಗ್ ತೆರೆದು, ಉಮಾಪತಿ ಕೇಳಿದ ಚಹಾದ ಬರಹದ ಕೆಳಗೆ ಬರೆಯುವ ಜಾಗ ತೋರಿಸಿದ.

ಉಮಾಪತಿ ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದ. ಬಹಳ ಹೊತ್ತು ಹಿಡಿಯಿತು.

'ಅಕ್ಕಾ, ಅವತ್ತು ನಾನು ತಪ್ಪು ಮಾಡಿದೆ. ಉಮಾಪತಿ.'

"ಈಗ ಇದನ್ನ ಒತ್ರಿ," ಎಂದ ಶಬ್ಬೀರಸಾಬ.

ಒತ್ತಿದ. ಬರೆದದ್ದು ಮಾಯವಾಗಿ, ಆ ಜಾಗದಲ್ಲಿ ಸಣ್ಣಕ್ಷರದ ಒಂದು ಸಾಲು ಮೂಡಿತು: 'ನಿಮ್ಮ ಅನಿಸಿಕೆಯನ್ನು ಬ್ಲಾಗಿನ ಒಡೆಯರು ಒಪ್ಪಿದ ನಂತರ ತೋರಿಸಲಾಗುವುದು.'

ಉಮಾಪತಿ ಒದ್ದೆ ಧೋತರದಲ್ಲಿ ತೆರೆಯ ಮುಂದೆ ಕೂತೇ ಇದ್ದ, ಒಳಗಿನಿಂದ ಯಾರೋ ಬಾಗಿಲು ತೆಗೆದಾರೆಂಬಂತೆ.